ಉಸಿರು ಕಾಯುವ ಮೈಕಕ್ಕ

ಬೆಳಗಿನ ಜಾವ. ರಂಗಮಂದಿರ ಖಾಲಿ. ಕುರ್ಚಿಗಳ ಸಾಲುಗಳೆಲ್ಲ ಕತ್ತಲಲ್ಲಿವೆ, ವೇದಿಕೆಯ ಮೇಲೆ ಮಾತ್ರ ಒಂದು ಬಡಪಾಯಿ ಬಲ್ಬು ಉರಿಯುತ್ತಿದೆ. ಆ ಬೆಳಕಿನಲ್ಲಿ ಹಲಗೆ, ಕಬ್ಬಿಣದಿಂದ ಕಟ್ಟಿದ ಎತ್ತರದ ದೀಪಸ್ತಂಭವೊಂದು ನಿಂತಿದೆ. ಅದರ ಹೊರಮೈಗಿರುವ ಏಣಿಯನ್ನು ನಡುವಯಸ್ಸಿನ ಹೆಂಗಸೊಬ್ಬರು ಹತ್ತುತ್ತಿದ್ದಾರೆ, ಹತ್ತುತ್ತಾ ಹಾಡುತ್ತಿದ್ದಾರೆ. ಅದನ್ನು ಹಾಡು ಎಂದು ಕರೆಯುವುದು ನನ್ನ ದೊಡ್ಡತನ. ಶ್ರುತಿಗೂ ಅವರಿಗೂ ಮಾತುಕತೆಯೇ ಇದ್ದಂತಿಲ್ಲ. ತುದಿ ಮುಟ್ಟಿ ಒಮ್ಮೆ ಕೆಳಗೆ ನೋಡಿದವರು ತಟ್ಟನೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಲ್ಲಿನ ಕಟಕಟೆ ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಬರುತ್ತದೆ, ಅಷ್ಟೇ. ಅದನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಹಾಡಿನ ಕೊನೆಯ ಸಾಲನ್ನು ಮುಗಿಸಿಯೇ ಇಳಿಯುತ್ತಾರೆ.

ಇಳಿದವರ ಅಂಗೈ ಒದ್ದೆಯಾಗಿದೆ. ಹಣೆಯ ಮೇಲೆ, ಕೂದಲ ಅಂಚಿನಲ್ಲಿ ಅಂಟಿಸಿಕೊಂಡ ಅಕ್ಕಿಕಾಳಿನಷ್ಟು ಮೈಕನ್ನು ಬಿಡಿಸದೆಯೇ, ಒಂದು ಪುಟ್ಟ ರೆಕಾರ್ಡರಿಗೆ ಹೆಡ್‌ಫೋನ್ ಸಿಕ್ಕಿಸಿ ತಮ್ಮದೇ ಹಾಡನ್ನು ಕೇಳುತ್ತಾರೆ. ಮತ್ತೊಮ್ಮೆ ಕೇಳುತ್ತಾರೆ. ಕೇಳುತ್ತಾ ಕೇಳುತ್ತಾ ಮುಖದ ಬಣ್ಣ ಇಳಿದುಹೋಗುತ್ತದೆ. ಏನಾಯಿತು ಎಂದು ವಿಚಾರಿಸಿದೆ.

"ಏನಿಲ್ಲ. ಮೈಕು ಚೆನ್ನಾಗಿದೆ."

"ಚೆನ್ನಾಗಿದ್ರೆ ಒಳ್ಳೇದೇ ಅಲ್ವಾ?"

"ಒಳ್ಳೇದೇ," ಎಂದವರು ವೇದಿಕೆಯ ಹಲಗೆಯ ಮೇಲೇ ಕೂತುಬಿಟ್ಟರು. ಮೈಕು ಚೆನ್ನಾಗಿದೆ ಎಂಬ ಕಾರಣಕ್ಕೆ ಒಬ್ಬರು ಇಷ್ಟು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇವರು ಮೈಕಕ್ಕ. ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಇದ್ದೀತು. ಉಳಿದಂತೆ ನಾಟಕ ತಂಡದ ನಿರ್ದೇಶಕರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಇವರು ಮೈಕಕ್ಕನೇ. ನಟನಟಿಯರ ಕೂದಲೊಳಗೆ ಮೈಕು ಬಚ್ಚಿಡುವುದು, ನಾಟಕ ನಡೆಯುವಷ್ಟು ಹೊತ್ತು ಆ ಮೈಕುಗಳಿಗೆ ಕಿವಿಗೊಟ್ಟು ಕಾಯುವುದು ಇವರ ಕೆಲಸ. ನಾಟಕ ನೋಡಲು ಬಂದವರಿಗೆ ಇಂಥದ್ದೊಂದು ಕೆಲಸ ಇದೆಯೆಂದೇ ಗೊತ್ತಿರುವುದಿಲ್ಲ. ಗೊತ್ತಾಯಿತು ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ನಾನು ಅಲ್ಲಿಗೆ ಹೋಗಿದ್ದಕ್ಕೂ ಒಂದು ಕಾರಣವಿತ್ತು. ಅಂದು ಸಂಜೆ ಆ ವೇದಿಕೆಯ ಸಂಗೀತ ನಾಟಕ, ಅಲ್ಲಿ ನಡೆಯುತ್ತಿರುವಾಗಲೇ, ಹತ್ತಾರು ಊರುಗಳ ಸಿನಿಮಾ ಮಂದಿರಗಳ ಪರದೆಯ ಮೇಲೆ ನೇರವಾಗಿ ಮೂಡಲಿತ್ತು. ಟಿಕೆಟ್ಟುಗಳು ಆಗಲೇ ಖರ್ಚಾಗಿದ್ದವು. ದೊಡ್ಡ ಪರದೆಯ ಬಗ್ಗೆ, ಕ್ಯಾಮೆರಾಗಳ ಬಗ್ಗೆ, ಉಪಗ್ರಹದ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದರು. ತೆರೆಮರೆಯವರ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ನನ್ನನ್ನು ಅಟ್ಟಿದ್ದರು. ಸಂಪಾದಕರ ಇಂಥ ಕಳಕಳಿ ಸಾಮಾನ್ಯವಾಗಿ ಪುರವಣಿಯ ಪುಟ ಖಾಲಿ ಬಿದ್ದಾಗ ಉಕ್ಕುತ್ತದೆ ಎಂಬುದು ನನ್ನ ಅನುಭವ.

ರಂಗಮಂದಿರದಲ್ಲಿ ಕೂತವರಿಗೆ ನಟನ ಹಣೆಯ ಮೇಲಿನ ಮೈಕು ಕಾಣುವುದಿಲ್ಲ. ಸಿನಿಮಾ ಪರದೆಯ ಮಾತೇ ಬೇರೆ. ಅಲ್ಲಿ ಮುಖ ಒಂದು ಮನೆಯಷ್ಟು ದೊಡ್ಡದಾಗಿ ಬರುತ್ತದೆ, ಅಕ್ಕಿಕಾಳು ಜಿರಳೆಯಾಗುತ್ತದೆ. ಹಾಗಾಗಿ ಮೈಕಕ್ಕ ಪ್ರತಿಯೊಬ್ಬರ ಕೂದಲಿನ ಬಣ್ಣಕ್ಕೆ ಹೊಂದುವಂತೆ ಮೈಕಿಗೆ ಬಣ್ಣ ಬಳಿಯುತ್ತಾರೆ. ವೈರನ್ನು ಜಡೆಯೊಳಗೆ, ವಿಗ್ಗಿನೊಳಗೆ ನುಸುಳಿಸಿ, ಕುತ್ತಿಗೆಯ ಹಿಂದೆ ಇಳಿಸಿ, ಸೊಂಟದಲ್ಲಿರುವ ಪುಟ್ಟ ಡಬ್ಬಿಗೆ ಜೋಡಿಸುತ್ತಾರೆ. ಧ್ವನಿಯನ್ನು ಗಾಳಿಯಲ್ಲಿ ಕಳಿಸುವುದು ಆ ಡಬ್ಬಿ. ಡಬ್ಬಿಯನ್ನು ಇಡುವ ಬಟ್ಟೆಯ ಚೀಲಗಳನ್ನು ಹೊಲಿಯುವವರು ಇವರ ಯಜಮಾನರು. ಅವರು ದರ್ಜಿ. ಊರವರ ಅಳತೆಯೆಲ್ಲ ಟೇಪು ಹಿಡಿದು ತೆಗೆಯುವ ಅವರಿಗೆ ಈ ತಂಡದ ನಟರ ಸೊಂಟದ ಅಳತೆ ಬಾಯಿಪಾಠವಂತೆ. ಯಾರು ದಪ್ಪಗಾದರು ಎಂಬುದು ಮೊದಲು ಗೊತ್ತಾಗುವುದು ಆ ಮನೆಯಲ್ಲಿ.

ಮೊದಲು ಮೈಕಕ್ಕ ಬ್ಯೂಟಿ ಪಾರ್ಲರಿನಲ್ಲಿ ತಲೆ ಬಾಚುತ್ತಿದ್ದರು. ಒಮ್ಮೆ ಇದೇ ತಂಡಕ್ಕೆ ಜಡೆ ಹೆಣೆಯಲು ಬಂದಾಗ, ಧ್ವನಿ ವಿಭಾಗದವರು ತಮ್ಮ ದಪ್ಪ ಬೆರಳುಗಳಲ್ಲಿ ನಟಿಯೊಬ್ಬಳ ಕೂದಲೊಳಗೆ ವೈರು ತೂರಿಸಲು ಹೆಣಗುತ್ತಿದ್ದರಂತೆ. ಆ ಹುಡುಗಿ ನೋವಿಗೆ ಅಳುವಂತಾಗಿದ್ದಳು. ಕೊಡಿ ಇಲ್ಲಿ ಎಂದು ಇವರು ಕಸಿದುಕೊಂಡದ್ದು ವೈರನ್ನೋ ಕೆಲಸವನ್ನೋ ಈಗ ಹೇಳುವುದು ಕಷ್ಟ. ಅಲ್ಲಿಂದ ಇಲ್ಲೇ ಉಳಿದರು. ಮೈಕಿನ ಜಾತಕವೆಲ್ಲ ಕೇಳಿ, ಬೈಸಿಕೊಂಡು, ಕೆಡಿಸಿ ಕಲಿತದ್ದು. ನಿಂತೇ ಇರುವ ಕೆಲಸ. ಮಂಡಿ ಸವೆದಿದೆ. ಎಡಗಿವಿಯಲ್ಲಿ ಈಚೆಗೆ ಸದಾ ಗುಂಯ್ ಎನ್ನುತ್ತಿರುತ್ತದಂತೆ. ಮಗಳಿಗೆ ಜ್ವರ ಬಂದ ದಿನ ಅವಳನ್ನು ವೇಷಭೂಷಣದ ಗಂಟುಗಳ ಮೇಲೆ ಮಲಗಿಸಿ ಕೆಲಸ ಮಾಡಿದ್ದಾರೆ. ಇದನ್ನೆಲ್ಲ ಅವರು ಹೇಳುವಾಗ ದೂರಿನ ದನಿ ಇರುವುದಿಲ್ಲ. ಹೇಳಿಸಿಕೊಂಡವರಿಗೇ ಸಿಟ್ಟು ಬರುತ್ತದೆ.

ಅವರ ದೊಡ್ಡ ಶತ್ರು ಬೆವರು. ಬಿಸಿ ದೀಪಗಳ ಕೆಳಗೆ ಕುಣಿಯುವವರ ಹಣೆಯಿಂದ ಇಳಿಯುವ ಒಂದು ಹನಿ ಮೈಕಿನ ಬಾಯಿಗೆ ಬಿದ್ದರೆ ಸಾಕು, ಎಂಥ ಕಂಠವೂ ಕೊಡದೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಅದಕ್ಕೇ ಇವರು ನಾಟಕದುದ್ದಕ್ಕೂ ವೇದಿಕೆಯ ಪಕ್ಕದ ಪರದೆಯ ಹಿಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಮೈಕನ್ನು ಕೇಳುತ್ತಾ ಕೂತಿರುತ್ತಾರೆ. ಪ್ರೇಕ್ಷಕರಿಗೆ ಕೇಳಬೇಕಾದಾಗ ಮಾತ್ರ ಮೈಕು ತೆರೆದಿರುತ್ತದೆ. ಇವರ ಕಿವಿಗೆ ಅದು ಯಾವಾಗಲೂ ತೆರೆದೇ ಇರುತ್ತದೆ.

ನಟರು ಇದನ್ನು ಮರೆತುಬಿಡುತ್ತಾರೆ. ವೇದಿಕೆಯಿಂದ ಒಳಗೆ ಬಂದವರೇ ನಿರ್ದೇಶಕರನ್ನು ಬೈಯುತ್ತಾರೆ, ಜಗಳವಾಡುತ್ತಾರೆ, ಅಳುತ್ತಾರೆ, ಸಾಲದವನ ಫೋನಿಗೆ ಸುಳ್ಳು ಹೇಳುತ್ತಾರೆ. ಒಬ್ಬ ರಾಜವೇಷದ ಮಹಾಶಯ ತನ್ನ ಸರದಿ ಬರುವವರೆಗೆ ಸಿಂಹಾಸನದ ಹಿಂದೆ ಗೊರಕೆ ಹೊಡೆಯುತ್ತಿದ್ದನಂತೆ. ಇದಿಷ್ಟೂ ಮೈಕಕ್ಕನ ಕಿವಿಗೆ ಬೀಳುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಗೊರಕೆಯ ಕಥೆಯನ್ನು ನನಗೆ ಹೇಳಿದ್ದು ಆ ರಾಜನೇ. ಈ ಕಸುಬಿನವರಲ್ಲಿ ಅದೊಂದು ಕಟ್ಟುಪಾಡು, ಕೇಳಿಸಿಕೊಂಡದ್ದು ಕಿವಿಯಲ್ಲೇ ಉಳಿಯಬೇಕು. ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿಯುವುದೂ ಇಲ್ಲ.

"ಒಂದ್ಸಲ ಒಂದು ಮಾತು ಆಚೆ ಹೋಯ್ತು ಅಂದ್ರೆ, ಆಮೇಲೆ ಯಾರು ನನ್ನ ಕೈಗೆ ತಲೆ ಕೊಡ್ತಾರೆ?" ಎನ್ನುತ್ತಾರೆ.

ಇದರಿಂದ ಅತ್ಯಂತ ನೊಂದ ಜೀವ ಎಂದರೆ ಅವರ ಅತ್ತೆ. ಸೊಸೆ ನಟನಟಿಯರ ಒಡನಾಟದಲ್ಲಿದ್ದಾಳೆ, ಮನೆಗೆ ಬಂದರೆ ತುಟಿಪಿಟಕ್ ಎನ್ನುವುದಿಲ್ಲ. ಇಂಥ ಸೊಸೆಯಿಂದ ಏನು ಸುಖ ಎಂದು ಆ ಹಿರಿಯಮ್ಮ ನನ್ನ ಮುಂದೆಯೇ ದೂರಿದ್ದಾರೆ.

ಈಗ ಆ ದಿನಕ್ಕೆ ಬರೋಣ. ಬೆಳಗಿನ ಜಾವ ನಾನು ಕಂಡದ್ದರ ಅರ್ಥ ನನಗೆ ಆಗ ಆಗಿರಲಿಲ್ಲ. ಅವರು ಹೇಳಲೂ ಇಲ್ಲ. ಆಮೇಲೆ ನಾನು ತಿಳಿದುಕೊಂಡದ್ದು ಹೇಗೆಂಬುದನ್ನು ಕೊನೆಗೆ ಹೇಳುತ್ತೇನೆ. ವಿಷಯ ಇಷ್ಟು.

ನಾಟಕ ಒಬ್ಬ ವಿಧವೆಯ ಕಥೆ. ಗಂಡ ಕಾಯುತ್ತಿದ್ದ ಕಡಲತೀರದ ದೀಪಸ್ತಂಭವನ್ನು ಅವನು ಸತ್ತ ಮೇಲೆ ಅವಳು ಕಾಯುತ್ತಾಳೆ. ಕೊನೆಯ ಅಂಕದಲ್ಲಿ ಬಿರುಗಾಳಿ ಎದ್ದು ದೀಪ ಆರುತ್ತದೆ, ಅವಳು ಏಣಿ ಹತ್ತುತ್ತಾ ಹಾಡಿ, ತುದಿಯಲ್ಲಿ ನಿಂತು ದೀಪ ಹಚ್ಚುತ್ತಾಳೆ. ಆ ಪಾತ್ರ ಮಾಡುವವರು ತಂಡದ ಹಿರಿಯ ನಟಿ. ಮೈಕಕ್ಕ ಅವರನ್ನು ಅಮ್ಮಾ ಎಂದೇ ಕರೆಯುತ್ತಾರೆ. ಏಣಿ ಹತ್ತುವಾಗ ಮೇಲಿನಿಂದ ಇಳಿಬಿಟ್ಟ ಕಪ್ಪು ಹಗ್ಗವೊಂದನ್ನು ಅವರ ಸೊಂಟದ ಬೆಲ್ಟಿಗೆ ಸಿಕ್ಕಿಸುವುದು ಮೊದಲಿನಿಂದಲೂ ಇದ್ದ ಕ್ರಮ. ಕಾಲು ಜಾರಿದರೆ ಹಗ್ಗ ಹಿಡಿದುಕೊಳ್ಳುತ್ತದೆ.

ಪ್ರಸಾರಕ್ಕೆ ಒಂದು ವಾರವಿದ್ದಾಗ ಕ್ಯಾಮೆರಾಗಳನ್ನಿಟ್ಟು ತಾಲೀಮು ನಡೆಯಿತು. ಬೆಲ್ಟಿನ ಬಕಲ್ಲು ಸೊಂಟದ ಡಬ್ಬಿಗೆ ಉಜ್ಜಿ ಕರಕರ ಎನ್ನುವುದು ಮೈಕಕ್ಕನ ಕಿವಿಗೆ ಬಿತ್ತು. ರಂಗಮಂದಿರದಲ್ಲಿ ವಾದ್ಯಗಳ ಅಬ್ಬರದಲ್ಲಿ ಅದು ಯಾರಿಗೂ ಕೇಳುವುದಿಲ್ಲ. ಸಿನಿಮಾ ಮಂದಿರದ ದೊಡ್ಡ ಸ್ಪೀಕರುಗಳಲ್ಲಿ ಹಾಗಲ್ಲ. ಇವರು ತಮ್ಮ ಕರ್ತವ್ಯವೆಂದು ನಿರ್ದೇಶಕರಿಗೆ ಹೇಳಿದರು. ಹಾಗಾದರೆ ಬೆಲ್ಟೇ ಬೇಡ, ಇಷ್ಟು ವರ್ಷದಲ್ಲಿ ಒಂದು ಸಲವೂ ಜಾರಿಲ್ಲವಲ್ಲ ಎಂದರು ನಿರ್ದೇಶಕರು. ಬೆಲ್ಟು ಬಿಗಿಯುತ್ತದೆಂದು ಸದಾ ಗೊಣಗುತ್ತಿದ್ದ ಹಿರಿಯ ನಟಿ ಸಂತೋಷದಿಂದ ಒಪ್ಪಿದರು. ಬೆಲ್ಟು ಪೆಟ್ಟಿಗೆ ಸೇರಿತು. ಒಳ್ಳೆಯ ಕಿವಿ ನಿಮ್ಮದು ಎಂದು ನಿರ್ದೇಶಕರು ಮೈಕಕ್ಕನ ಬೆನ್ನು ತಟ್ಟಿದರು.

ಅದಾದ ಮೇಲೆಯೇ ಇನ್ನೊಂದು ಸದ್ದು ಶುರುವಾದದ್ದು. ಅಥವಾ ಬಕಲ್ಲಿನ ಸದ್ದು ನಿಂತ ಮೇಲೆ ಅದು ಕೇಳತೊಡಗಿತು ಎನ್ನಬೇಕು. ಹಿರಿಯ ನಟಿ ಏಣಿ ಹತ್ತುತ್ತಾ ಹಾಡುವಾಗ, ಸಾಲು ಸಾಲಿನ ನಡುವೆ, ಹಳೇ ಬಟ್ಟೆಯನ್ನು ಮೆಲ್ಲಗೆ ಹರಿದಂಥ ಸದ್ದು. ಬೆವರು ಹೊಕ್ಕಿರಬೇಕೆಂದು ಮೈಕಕ್ಕ ಮೈಕು ಬದಲಿಸಿದರು. ಸದ್ದು ಹೋಗಲಿಲ್ಲ. ವೈರು ಬದಲಿಸಿದರು. ಡಬ್ಬಿ ಬದಲಿಸಿದರು. ಬ್ಯಾಟರಿಯಂತೂ ದಿನವೂ ಹೊಸದೇ. ಹತ್ತುವಾಗ ವೈರು ಎಳೆದು ಹೀಗಾಗುತ್ತಿರಬಹುದೇ ಎಂಬುದೊಂದೇ ಅನುಮಾನ ಉಳಿದಿತ್ತು. ಅದನ್ನು ಪರಿಹರಿಸಿಕೊಳ್ಳಲು ಅಂದು ಬೆಳಗಿನ ಜಾವ, ಎತ್ತರವೆಂದರೆ ಹೆದರಿ ಸಾಯುವ ಈ ಹೆಂಗಸು, ಅದೇ ಮೈಕು ಅದೇ ಡಬ್ಬಿ ಹಾಕಿಕೊಂಡು ಅದೇ ಏಣಿ ಹತ್ತಿ ಅದೇ ಹಾಡು ಹಾಡಿದ್ದರು. ರೆಕಾರ್ಡರಿನಲ್ಲಿ ಅವರ ಬೇಸುರು ಚೊಕ್ಕವಾಗಿ ಕೇಳಿತು. ಹರಕು ಸದ್ದು ಇರಲಿಲ್ಲ.

ಅಂದರೆ ಕೆಟ್ಟಿರುವುದು ಮೈಕಲ್ಲ.

ಆ ಬೆಳಿಗ್ಗೆ ಮೈಕಕ್ಕನ ಎದುರು ಇದ್ದದ್ದು ಇಷ್ಟು: ಆ ಅಮ್ಮನ ಉಸಿರು ಸರಿಯಿಲ್ಲ, ಅದು ತನಗೊಬ್ಬಳಿಗೇ ಗೊತ್ತು. ಅವರು ಸಂಜೆ ಮೊಣಕಾಲೆತ್ತರದ ಕಟಕಟೆಯ ಹಿಂದೆ ನಿಂತು ಹಾಡುತ್ತಾರೆ. ಅವರ ಸೊಂಟದ ಹಗ್ಗವನ್ನು ಬಿಚ್ಚಿಸಿದ್ದು ತಾನೇ.

"ನನ್ನ ಕಿವಿ ಚುರುಕು ಅಂತ ಹೊಗಳಿದ್ರಲ್ಲ, ಆ ಕಿವೀನೇ ಕಿತ್ತುಹಾಕೋಣ ಅನ್ನಿಸ್ತು," ಎಂದು ಅವರು ನನಗೆ ಹೇಳಿದ್ದು ಬಹಳ ದಿನಗಳಾದ ಮೇಲೆ.

ಅಂದು ಮಧ್ಯಾಹ್ನದವರೆಗೆ ಅವರು ನಿರ್ದೇಶಕರ ಕೋಣೆಯ ಬಾಗಿಲಿಗೆ ಹೋಗಿ ಹೋಗಿ ವಾಪಸು ಬಂದದ್ದನ್ನು ನಾನು ನೋಡಿದೆ. ಬಾಗಿಲು ತಟ್ಟಲು ಕೈ ಎತ್ತುತ್ತಾರೆ, ಇಳಿಸುತ್ತಾರೆ. ಉಸಿರಿನ ವಿಷಯ ಹೇಳಿದರೆ ಕೇಳಿಸಿಕೊಂಡದ್ದನ್ನು ಬಾಯಿಬಿಟ್ಟಂತೆ. ಅಷ್ಟೇ ಅಲ್ಲ, ಆ ನಟಿಯನ್ನು ಅಂದೇ ಪಾತ್ರದಿಂದ ಇಳಿಸುತ್ತಾರೆ. ಹೇಳದಿದ್ದರೆ ಸಂಜೆ ಏನಾಗುತ್ತದೋ ಗೊತ್ತಿಲ್ಲ. ಊಟದ ಡಬ್ಬಿ ತೆರೆದರು, ಹಾಗೇ ಮುಚ್ಚಿದರು. ನನಗೆ ಕಾರಣ ಗೊತ್ತಿಲ್ಲದಿದ್ದರೂ ಅವರ ಪಕ್ಕದಲ್ಲಿ ಕೂತು ಕೂತು ನನ್ನ ಬಾಯೂ ಒಣಗಿತ್ತು. ಹೆದರಿಕೆ ಹಾಗೆ ಅಂಟುತ್ತದೆ.

ಆಮೇಲೆ ಒಮ್ಮೆಲೇ ಎದ್ದು ಮನೆಗೆ ಫೋನು ಮಾಡಿದರು. ಯಜಮಾನರು ಸೂಜಿದಾರದ ಡಬ್ಬಿ, ಮಗಳ ಉಣ್ಣೆಯ ಕಾಲುಚೀಲ ತೆಗೆದುಕೊಂಡು ಬಂದರು. ವೇದಿಕೆಯ ಮೆಟ್ಟಿಲ ಮೇಲೆ ಕೂತು, ಕಾಲುಚೀಲವನ್ನು ಕತ್ತರಿಸಿ, ಮೈಕಿನ ಡಬ್ಬಿಯ ಚೀಲಕ್ಕೆ ಒಳಪದರವಾಗಿ ಹೊಲಿದರು. ಯಾಕೆ ಎಂದು ಅವರೂ ಕೇಳಲಿಲ್ಲ. ಆ ಮನೆಯಲ್ಲಿ ಎಲ್ಲರೂ ಅಷ್ಟಿಷ್ಟು ಮೈಕಕ್ಕನೇ ಆಗಿದ್ದಾರೆ, ಅತ್ತೆಯೊಬ್ಬರನ್ನು ಬಿಟ್ಟು. ಚೀಲ ಸಿದ್ಧವಾದ ಮೇಲೆ ಮೈಕಕ್ಕ ಬಾಗಿಲು ತಟ್ಟಿದರು. ಸದ್ದಿಗೆ ಮದ್ದು ಸಿಕ್ಕಿದೆ ಸರ್, ಬೆಲ್ಟು ಹಾಕಬಹುದು ಎಂದರು. ನಿರ್ದೇಶಕರಿಗೆ ನಂಬಿಕೆ ಬರಲಿಲ್ಲ. ಒಬ್ಬ ಹುಡುಗಿಗೆ ಬೆಲ್ಟು, ಡಬ್ಬಿ ಎರಡನ್ನೂ ಕಟ್ಟಿ ವೇದಿಕೆಯ ಮೇಲೆ ಓಡಾಡಿಸಿ ತಾವೇ ಹೆಡ್‌ಫೋನಿನಲ್ಲಿ ಕೇಳಿದರು. ಸದ್ದಿಲ್ಲ.

"ಸರಿ, ಹಾಕಿ. ಆದ್ರೆ ಸಂಜೆ ಸದ್ದು ಬಂತು ಅಂದ್ರೆ ಜವಾಬ್ದಾರಿ ನಿಮ್ದು, ಮೈಕಕ್ಕ. ಅಷ್ಟೂ ಊರಿನೋರು ಕೇಳಿಸ್ಕೊಳ್ತಾರೆ."

"ಆಗ್ಲಿ ಸರ್."

ಒಂದು ವಿಷಯವನ್ನು ಅವರು ಹೇಳಲಿಲ್ಲ. ನಡೆದಾಡುವಾಗ ಕಾಲುಚೀಲ ಸದ್ದನ್ನು ನುಂಗುತ್ತದೆ. ಆದರೆ ಒಬ್ಬರ ಪೂರ್ತಿ ಭಾರ ಬೆಲ್ಟಿನ ಮೇಲೆ ಬಿದ್ದರೆ ಬಕಲ್ಲು ಡಬ್ಬಿಯ ಮೇಲೇ ಹರಿದಾಡುತ್ತದೆ. ಆಗ ಯಾವ ಉಣ್ಣೆಯೂ ಉಳಿಸದು.

ಸಂಜೆ ಹಿರಿಯ ನಟಿಯ ಬಣ್ಣದ ಕೋಣೆ. ಮೈಕು ಕಟ್ಟುವಾಗ ಮೈಕಕ್ಕನ ಮುಖ, ಕಟ್ಟಿಸಿಕೊಳ್ಳುವವರ ಮುಖ ಒಂದು ಗೇಣಿನಷ್ಟು ಹತ್ತಿರವಿರುತ್ತವೆ. ನನ್ನನ್ನು ಆಚೆ ಕಳಿಸಿ ಬಾಗಿಲು ಹಾಕಿದರು. ಒಳಗೆ ನಡೆದ ಮಾತು ಹೀಗಿತ್ತಂತೆ.

"ಅಮ್ಮಾ, ನಿಮ್ಮ ಉಸಿರು ಸರಿಯಿಲ್ಲ."

"ಮೈಕು ಬದಲಾಯಿಸು."

"ಬದಲಾಯಿಸಿದೆ. ವೈರು, ಡಬ್ಬಿ, ಎಲ್ಲಾ ಬದಲಾಯಿಸಿದೆ. ಬೆಳಿಗ್ಗೆ ನಾನೇ ಹಾಕ್ಕೊಂಡು ಹತ್ತಿ ನೋಡಿದೆ. ಇನ್ನು ಬದಲಾಯಿಸೋಕೆ ಉಳಿದಿರೋದು ನೀವೊಬ್ಬರೇ."

ಹಿರಿಯ ನಟಿ ಕನ್ನಡಿಯತ್ತ ತಿರುಗಿ ಬಾಯಿಬಿಟ್ಟರಂತೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತಿದ್ದೇನೆ ಎಂದು ಒಪ್ಪಿಕೊಂಡರಂತೆ. ನಾಳೆ ಡಾಕ್ಟರ ಹತ್ತಿರ ಹೋಗುತ್ತೇನೆ, ಇದೊಂದು ಸಂಜೆ ಬಿಟ್ಟುಬಿಡು ಎಂದರಂತೆ. ನಾಟಕದವರದ್ದು ನೀರಿನ ಮೇಲೆ ಬರೆದ ಹಾಗೆ, ಪರದೆ ಇಳಿದರೆ ಮುಗಿಯಿತು. ಇದೊಂದೇ ಸಂಜೆ ಕ್ಯಾಮೆರಾ ಇದೆ. ನಾನು ಮಾಡಿದ್ದರಲ್ಲಿ ಉಳಿಯುವುದು ಇದೊಂದೇ ಎಂದೂ ಹೇಳಿದರಂತೆ.

"ಯಾರಿಗಾದ್ರೂ ಹೇಳ್ತೀಯಾ?"

"ಇಲ್ಲ. ಆದ್ರೆ ಬೆಲ್ಟು ಹಾಕ್ಕೊಳ್ಳಿ."

"ಸದ್ದು ಬರುತ್ತಲ್ಲೇ?"

"ಬರಲಿ."

ನಾಟಕ ಶುರುವಾಯಿತು. ಪಕ್ಕದ ಪರದೆಯ ಹಿಂದೆ, ಮೈಕಕ್ಕನ ಮಗ್ಗುಲಲ್ಲಿ ನನಗೂ ಒಂದು ಸ್ಟೂಲು, ಒಂದು ಹೆಡ್‌ಫೋನ್ ಕೊಟ್ಟಿದ್ದರು. ಎದುರಿನ ಪುಟ್ಟ ಟೀವಿಯಲ್ಲಿ ಸಿನಿಮಾ ಮಂದಿರಗಳಿಗೆ ಹೋಗುತ್ತಿರುವ ಚಿತ್ರ. ಮೊದಲ ಅಂಕ, ಎರಡನೇ ಅಂಕ ಹೂವೆತ್ತಿದಷ್ಟು ಸಲೀಸಾಗಿ ಸಾಗಿದವು. ಮೈಕಕ್ಕ ನಡುನಡುವೆ ಎದ್ದು, ಒಳಬಂದವರ ಹಣೆ ಒರೆಸಿ, ಮೈಕಿಗೆ ಗಾಳಿ ಊದಿ ಕಳಿಸುತ್ತಿದ್ದರು. ಎಲ್ಲ ಎಂದಿನಂತೆಯೇ ಇತ್ತು, ಅವರ ತುಟಿ ಬಿಳಿಚಿಕೊಂಡಿದ್ದನ್ನು ಬಿಟ್ಟರೆ.

ಕೊನೆಯ ಅಂಕ. ನಗಾರಿಗಳು ಬಿರುಗಾಳಿಯನ್ನು ಎಬ್ಬಿಸಿದವು. ದೀಪ ಆರಿತು. ಹಿರಿಯ ನಟಿ ಏಣಿಗೆ ಕಾಲಿಟ್ಟರು, ಹಾಡು ಎತ್ತಿದರು. ಆಗ ಕೇಳಿತು ನನಗೂ. ಮೊದಲ ಸಾಲು, ಆಮೇಲೆ ಆ ಹರಕು ಸದ್ದು. ಎರಡನೇ ಸಾಲು, ಮತ್ತೆ ಆ ಸದ್ದು, ಈ ಸಲ ಇನ್ನೂ ಉದ್ದಕ್ಕೆ. ಟೀವಿಯಲ್ಲಿ ಅವರ ಮುಖ ತುಂಬಿಕೊಂಡಿತ್ತು, ಕಣ್ಣು ಹೊಳೆಯುತ್ತಿತ್ತು, ನೋಡುವವರಿಗೆ ಅದು ಸೊಗಸಾದ ಅಭಿನಯ. ಮೈಕಕ್ಕನ ಬೆರಳುಗಳು ತಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ನನಗೆ ಎದ್ದು ಓಡಿಹೋಗಿ ನಿಲ್ಲಿಸಿ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಹೇಡಿತನವೋ, ನನಗಿನ್ನೂ ಪೂರ್ತಿ ಅರ್ಥವಾಗಿರಲಿಲ್ಲವೋ, ಇವತ್ತಿಗೂ ಹೇಳಲಾರೆ.

ಅವರು ತುದಿ ಮುಟ್ಟಿದರು. ದೀಪ ಹಚ್ಚಿದರು. ಬೆಳಕು ಚಿಮ್ಮಿತು. ವಾದ್ಯಗಳೆಲ್ಲ ಒಟ್ಟಿಗೆ ನಿಂತವು, ಯಾಕೆಂದರೆ ಕೊನೆಯ ಸಾಲನ್ನು ಅವರೊಬ್ಬರೇ, ಯಾವ ವಾದ್ಯವೂ ಇಲ್ಲದೆ ಹಾಡಬೇಕು.

ಕಿವಿಯಲ್ಲಿ ಏನೂ ಇಲ್ಲ.

ಹಾಡಿಲ್ಲ, ಹರಕು ಸದ್ದೂ ಇಲ್ಲ, ಉಸಿರೂ ಇಲ್ಲ. ಕ್ಯಾಮೆರಾ ಆ ಹೊತ್ತಿಗೆ ಅವರನ್ನು ಬಿಟ್ಟು ದೀಪದ ಬೆಳಕನ್ನು ತೋರಿಸುತ್ತಿತ್ತು. ನಾವು ಕೂತ ಜಾಗದಿಂದ ದೀಪಸ್ತಂಭದ ಬೆನ್ನು ಮಾತ್ರ ಕಾಣುತ್ತದೆ. ಮೈಕು ಸತ್ತಿತೇ, ಅಥವಾ. ಆ 'ಅಥವಾ'ದ ಮುಂದಿನ ಮಾತು ನನ್ನ ತಲೆಯೊಳಗೂ ಬರಲು ಹೆದರಿತು. ಪಕ್ಕದಲ್ಲಿ ಮೈಕಕ್ಕ ಪಿಸುಗುಡುತ್ತಿದ್ದರು. ಒಂದು ಮೈಕು ಕೂಡ ಕೆಡಬಾರದೆಂದು ಬದುಕಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವರು, ಅಷ್ಟೂ ಊರುಗಳು ಕಿವಿಗೊಟ್ಟಿದ್ದ ಆ ಹೊತ್ತಿನಲ್ಲಿ ಬೇಡುತ್ತಿದ್ದರು.

"ಮೈಕೇ ಕೆಟ್ಟಿರಲಿ ದೇವರೇ. ಮೈಕೇ ಕೆಟ್ಟಿರಲಿ."

ಆಗ ಕೇಳಿತು, ಕರ್ರ್ ಎಂದು. ಬಕಲ್ಲು ಡಬ್ಬಿಯ ಮೇಲೆ ಉದ್ದಕ್ಕೆ ಎಳೆದ ಸದ್ದು. ಮೈಕು ಬದುಕಿತ್ತು. ಹಾಗಾದರೆ ನಿಂತಿದ್ದು ಉಸಿರೇ. ಮೈಕಕ್ಕ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಉಗುರಿನ ಗುರುತು ಮೂರು ದಿನ ಇತ್ತು. ಟೀವಿಯ ಚಿತ್ರ ಬದಲಾಯಿತು. ಹಿರಿಯ ನಟಿ ಕಟಕಟೆಯ ಆಚೆಗೆ ಅರ್ಧ ಬಾಗಿದ್ದರು. ಮಂಡಿ ಸೋತು, ತಲೆ ಜೋತು, ಪೂರ್ತಿ ಮೈಯ ಭಾರವನ್ನು ಬೆಲ್ಟಿನ ಮೇಲೆ ಬಿಟ್ಟಿದ್ದರು. ಬೆನ್ನ ಹಿಂದಿನ ಕಪ್ಪು ಹಗ್ಗ ಬಿಗಿದು ನಿಂತಿತ್ತು. ಮತ್ತೊಮ್ಮೆ ಕರ್ರ್ ಎಂದಿತು.

ಆಮೇಲೆ ಒಂದು ಉಸಿರು. ಒದ್ದೆಯಾದ, ತುಂಡು ತುಂಡಾದ ಉಸಿರು. ಆಮೇಲೆ ಇನ್ನೊಂದು. ಹಿರಿಯ ನಟಿ ಕಟಕಟೆ ಹಿಡಿದು ತಲೆ ಎತ್ತಿದರು. ಹಾಡಬೇಕಾದ ಕೊನೆಯ ಸಾಲನ್ನು ಹಾಡಲಿಲ್ಲ, ಎದುರಿಗೆ ಕೂತ ಯಾರಿಗೋ ಹೇಳುವಂತೆ ಮೆಲ್ಲಗೆ ಹೇಳಿದರು. ಬೆಳಕು ಆರಿತು. ರಂಗಮಂದಿರ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಿನಿಮಾ ಮಂದಿರಗಳಲ್ಲೂ ಜನ ಎದ್ದು ನಿಂತರೆಂದು ಆಮೇಲೆ ಕೇಳಿದೆ. ಅಂಥ ಅಭಿನಯವನ್ನು ಜನ್ಮದಲ್ಲಿ ನೋಡಿರಲಿಲ್ಲ ಎಂದರಂತೆ.

ಕತ್ತಲಾದದ್ದೇ ತಡ, ಮೈಕಕ್ಕ ಮೊದಲು ಮಾಡಿದ್ದು ಆ ಮೈಕಿನ ಗುಂಡಿ ಒತ್ತಿ ಅದನ್ನು ಎಲ್ಲರ ಕಿವಿಗೂ ಮುಚ್ಚಿದ್ದು. ಮುಂದಿನ ಉಸಿರುಗಳು ಆ ಅಮ್ಮನ ಸ್ವಂತದವು, ಅವನ್ನು ಯಾರೂ ಕೇಳಬಾರದು. ನನ್ನ ಕಿವಿಯಲ್ಲೂ ನಿಶ್ಶಬ್ದವಾಯಿತು. ಆಮೇಲೆ ಹೆಡ್‌ಫೋನನ್ನು ಕಿತ್ತೆಸೆದು ಓಡಿದರು.

ಅದೇ ಹಗ್ಗದಲ್ಲಿ ಹಿರಿಯ ನಟಿಯನ್ನು ಕೆಳಗಿಳಿಸಿದರು. ಮರುದಿನದವರೆಗೆ ಕಾಯಲಿಲ್ಲ, ವೇಷದಲ್ಲೇ ಆಸ್ಪತ್ರೆಗೆ ಸೇರಿಸಿದರು. ಹೃದಯದ ಕವಾಟವೊಂದು ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಪರೇಷನ್ ಆಗಿ ಈಗ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾರೆ. ಈ ಕಥೆಯನ್ನು ನನಗೆ ಹೇಳಿದ್ದು ಅವರೇ. ಬರೆಯಿರಿ ಎಂದದ್ದೂ ಅವರೇ. ಹಾಗೆ ಅವರು ಒಪ್ಪಿದ್ದಾರೆಂದು ನಾನು ಹೇಳಿದರೆ ಮೈಕಕ್ಕ ನಂಬಲಿಲ್ಲ. ನನ್ನೆದುರೇ ಫೋನು ಮಾಡಿ, ಹೌದಾ ಅಮ್ಮಾ ಎಂದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ನನ್ನ ಪ್ರಶ್ನೆಗಳಿಗೆ ಬಾಯಿಬಿಟ್ಟರು.

ನಾನು ಅವರೊಂದಿಗೆ ಜಗಳ ಮಾಡಿದ್ದೇನೆ. ಬೆಳಿಗ್ಗೆಯೇ ನಿರ್ದೇಶಕರಿಗೆ ಹೇಳಿ ಆ ಹೆಂಗಸನ್ನು ಆಸ್ಪತ್ರೆಗೆ ಕಳಿಸಬೇಕಿತ್ತು, ಕಟ್ಟುಪಾಡಂತೆ ಕಟ್ಟುಪಾಡು, ಏನಾದರೂ ಆಗಿದ್ದರೆ ಏನು ಗತಿ ಎಂದು ರೇಗಿದ್ದೇನೆ. ಅವರು ವಾದ ಮಾಡಲಿಲ್ಲ.

"ನೀವು ಹೇಳೋದು ಸರಿ ಇರಬಹುದು. ನಂಗೂ ಈಗ್ಲೂ ನಿದ್ದೆ ಬರಲ್ಲ. ಹತ್ತಬೇಡಿ ಅಂತ ಹೇಳೋಕೆ ನಾನ್ಯಾರು ಅನ್ನಿಸ್ತು. ಬೀಳದ ಹಾಗೆ ನೋಡ್ಕೊಳ್ಳೋದು ನನ್ನ ಕೈಲಿತ್ತು, ಅಷ್ಟು ಮಾಡ್ದೆ. ಸಾಕಾಯ್ತೋ ಇ‌ಲ್ವೋ ಗೊತ್ತಿಲ್ಲ," ಎಂದರು. ಈಗ ಯಾರ ಮೈಕಿನಲ್ಲಿ ಸಣ್ಣ ಕರಕರ ಬಂದರೂ ಮೊದಲು ಮನುಷ್ಯರನ್ನು ವಿಚಾರಿಸುತ್ತಾರಂತೆ, ಮೈಕಿನ ಸರದಿ ಆಮೇಲೆ. ಹೆದರಿಕೆ ಹೋಗಿಲ್ಲ. ಪ್ರತಿ ನಾಟಕದ ಕೊನೆಯ ಸಾಲಿಗೆ ಮುಂಚಿನ ಆ ನಿಶ್ಶಬ್ದ ಬಂದಾಗ ಕೈಕಾಲು ತಣ್ಣಗಾಗುತ್ತವೆ ಎನ್ನುತ್ತಾರೆ.

ಪ್ರಸಾರದ ಬಗ್ಗೆ ಬಂದ ವಿಮರ್ಶೆಗಳೆಲ್ಲ ಹೊಗಳಿಕೆಯೇ. ಒಂದರಲ್ಲಿ ಮಾತ್ರ, ಕೊನೆಯ ಘಟ್ಟದಲ್ಲಿ ಕೇಳಿಬಂದ ಕರ್ಕಶ ಸದ್ದು ಧ್ವನಿ ವಿಭಾಗದ ಅಜಾಗರೂಕತೆಗೆ ಸಾಕ್ಷಿ ಎಂದಿತ್ತು. ಬರೆದವರು ನಮ್ಮದೇ ಪತ್ರಿಕೆಯವರು, ನನ್ನ ಪಕ್ಕದ ಮೇಜಿನವರು. ಅವರಿಗೆ ನಾನು ಈಚೆಗೆ ಚಹಾ ಕೊಡಿಸುವುದನ್ನು ನಿಲ್ಲಿಸಿದ್ದೇನೆ. ಮೈಕಕ್ಕ ಆ ಸಾಲನ್ನು ಓದಿ, ನಿಜವೇ ಅಲ್ವಾ, ಸದ್ದು ಬಂತಲ್ಲ ಎಂದು ಪತ್ರಿಕೆಯನ್ನು ಮಡಿಸಿಟ್ಟರು.

ಮೊನ್ನೆ ಅವರ ಮನೆಗೆ ಹೋದಾಗ ಯಜಮಾನರು ಹೊಸ ಚೀಲಗಳನ್ನು ಹೊಲಿಯುತ್ತಿದ್ದರು. ಮಗಳು ಒಂಟಿ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದಳು. ಅತ್ತೆಯವರು ನಾಟಕದ ದಿನ ತಮ್ಮ ಬೀದಿಯ ಗೆಳತಿಯರ ಜೊತೆ ಹತ್ತಿರದ ಸಿನಿಮಾ ಮಂದಿರಕ್ಕೆ ಹೋಗಿ ಆ ಪ್ರಸಾರ ನೋಡಿದ್ದರು. ಸೊಸೆಯ ಕೆಲಸ ನೋಡಲೆಂದೇ ಹೋದದ್ದು. ಕಣ್ಣು ಕೀಲಿಸಿ ನೋಡಿದರೂ ಯಾರ ತಲೆಯಲ್ಲೂ ಒಂದು ಮೈಕೂ ಕಾಣಲಿಲ್ಲವೆಂದು, ಇವಳು ಅಲ್ಲಿ ಏನು ಮಾಡುತ್ತಾಳೋ ಯಾರಿಗೆ ಗೊತ್ತು ಎಂದು ನನಗೆ ಚಹಾ ಕೊಡುತ್ತಾ ದೂರಿದರು. ಆಮೇಲೆ ಏನೋ ನೆನಪಾಗಿ ಸೊಸೆಯ ಕಡೆ ತಿರುಗಿದರು.

"ಕೊನೇಲಿ ಆ ಅಮ್ಮ ಸುಮ್ಮನಾದ್ಲಲ್ಲ, ನನ್ನ ಜೀವಾನೇ ಬಾಯಿಗೆ ಬಂದಿತ್ತು. ಆಗ ಏನೋ ಕರ್ರ್ ಅಂತಲ್ಲ, ಅದೇನೇ?"

ಮೈಕಕ್ಕ ಡಬ್ಬಿಯೊಂದನ್ನು ಒರೆಸುತ್ತಿದ್ದರು. ಕೈ ನಿಂತಿತು. ಆ ಮನೆಗೆ ಬಂದು ಇಷ್ಟು ವರ್ಷವಾದ ಮೇಲೆ, ನಾಟಕದ ಒಳಗಿನ ಒಂದು ಮಾತನ್ನು ಅವರು ಅತ್ತೆಗೆ ಹೇಳಿದ್ದು ಅದೇ ಮೊದಲಂತೆ.

"ಅದಾ ಅತ್ತೆ? ಅದು ನಾನು."